ನೋವು ನಿಂತ ಮೇಲೆ

ಮಧುಗಿರಿ
೧೪-೧೧-೧೯೩೪

ಪಾವಗಡದ ಸ್ಕೂಲು ಉಪಾಧ್ಯಾಯರಾದ ಅಳಿಯಂದಿರು ಚಿರಂಜೀವಿ ರುದ್ರಯ್ಯನವರಿಗೆ, ಹುಣಿಸೆಹಣ್ಣಿನ ಮಂಡಿ ಪರ್ವತಯ್ಯ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ನಿಮ್ಮ ಅತ್ತೆ ಶಿವರುದ್ರಮ್ಮ ದೀಪಾವಳಿ ಕಳೆದಂದಿನಿಂದ ನನ್ನ ಸಂಗಡ ಮುಖ ಕೊಟ್ಟು ಮಾತನಾಡಿಲ್ಲ. ಕಾರಣ ನೀವು.

ಮದುವೆಯಾಗಿ ಬಂದ ಮೊದಲ ದೀಪಾವಳಿ. ಅಳಿಯ ಬಂದಿದ್ದಾರೆಂದು ಹೋಳಿಗೆ ಮಾಡಿಸಿದೆ, ಬೀದಿಯ ದೊಡ್ಡವರನ್ನೂ ಪಂಕ್ತಿಗೆ ಕರೆದೆ. ನಿಮ್ಮತ್ತೆ ತುಪ್ಪದ ಗಿಂಡಿ ಹಿಡಿದು ಬಂದರೆ ನೀವು ಎಲೆಯ ಮೇಲೆ ಕೈ ಅಡ್ಡ ಹಿಡಿದಿರಿ. ಮತ್ತೆ ಕೇಳಿದರು, ಮತ್ತೆ ಅಡ್ಡ ಹಿಡಿದಿರಿ. ನಮ್ಮ ಸೀಮೆಯಲ್ಲಿ ಮಾವನ ಮನೆಯ ತುಪ್ಪಕ್ಕೆ ಅಳಿಯ ಕೈ ಅಡ್ಡ ಹಿಡಿದರೆ ಏನರ್ಥವೆಂದು ನಿಮಗೆ ಗೊತ್ತಿಲ್ಲದ್ದಲ್ಲ. ಮಾವ ಕೊಡುತ್ತೇನೆಂದದ್ದನ್ನು ಕೊಟ್ಟಿಲ್ಲ, ಇಲ್ಲವೇ ಆಡಬಾರದ ಮಾತು ಆಡಿದ್ದಾನೆ. ಪಕ್ಕದ ಎಲೆಯ ಚನ್ನಮಲ್ಲಯ್ಯ ನನ್ನ ಕಿವಿಗೆ ಬಗ್ಗಿ, "ಏನ್ ಪರ್ವತಯ್ಯ, ಅಳೀಮಯ್ಯಂದು ಏನೋ ಉಳಿಸ್ಕಂಡಂಗೈತಲ್ಲ" ಅಂದ. ಅವನ ಬಾಯಿಗೆ ಬಿದ್ದ ಮಾತು ಸಂಜೆಗೆ ಕೋಟೆ ಬಾಗಿಲು ಮುಟ್ಟುತ್ತದೆ. ಮುಟ್ಟಿತು.

ನೀವು ಅರ್ಧ ಊಟಕ್ಕೇ ಎದ್ದಿರಿ. ಬೆಳಗಾದರೆ ಮೋಟಾರು ಹತ್ತಿದಿರಿ. ಹೊರಡುವಾಗ "ದಾಕ್ಷಾಯಣಿ ಇಲ್ಲೇ ಒಂದಷ್ಟು ದಿನ ಇರಲಿ" ಎಂದು ಒಂದು ಮಾತು ಬಿಸಾಕಿ ಹೋದಿರಿ.

ನಾನು ತಲೆಯ ಮೇಲೆ ಹುಣಿಸೆ ಮೂಟೆ ಹೊತ್ತು ಮೇಲೆ ಬಂದವನು. ಎದುರಿಗೆ ನಿಂತವನಿಗೆ ಸರಕು ಬೇಕೋ, ಸುಮ್ಮನೆ ದರ ಕೇಳಲು ಬಂದಿದ್ದಾನೋ ಎಂಬುದನ್ನು ಅವನ ಹೆಗಲ ಮೇಲಿನ ಟವೆಲ್ ನೋಡಿಯೇ ಹೇಳಬಲ್ಲೆ. ನಿಮ್ಮ ಮುಖವನ್ನು ಮಾತ್ರ ಓದಲಾಗಲಿಲ್ಲ. ನೀವು ಬೆವರುತ್ತಿದ್ದಿರಿ. ಸಿಟ್ಟು ಬಂದವರು ಕೆಂಪಾಗುವುದನ್ನು ಕಂಡಿದ್ದೇನೆ. ಬೆವರುವುದನ್ನು ಕಂಡಿರಲಿಲ್ಲ.

ಸೈಕಲ್ಲಿನ ವಿಚಾರವೇ? ಮಾತುಕತೆಯ ದಿನ ನಾನು "ನೋಡೋಣ" ಅಂದಿದ್ದೆ. ನೋಡೋಣ ಎಂದರೆ ಇಲ್ಲವೆಂದಲ್ಲ. ಮನಸ್ಸಿನಲ್ಲಿರುವುದನ್ನು ಬಿಚ್ಚಿ ಬರೆಯಿರಿ.

ಪರ್ವತಯ್ಯ


ಪಾವಗಡ
೨೩-೧೧-೧೯೩೪

ಪೂಜ್ಯ ಮಾವನವರ ಪಾದಗಳಿಗೆ ರುದ್ರಯ್ಯನ ನಮಸ್ಕಾರಗಳು.

ತಮ್ಮ ಕಾಗದ ಓದಿ ನಾಚಿಕೆಯಾಯಿತು. ತಮ್ಮ ಮೇಲಾಗಲಿ ಅತ್ತೆಯವರ ಮೇಲಾಗಲಿ ನನಗೆ ಎಳ್ಳಷ್ಟೂ ಬೇಸರವಿಲ್ಲ. ಸೈಕಲ್ಲು ನನಗೆ ಬೇಡ. ನಾನು ಮನೆ ಮಾಡಿರುವುದು ಸ್ಕೂಲಿನ ಹಿಂಬದಿಯ ಓಣಿಯಲ್ಲೇ.

ಅಂದು ಹೊಟ್ಟೆ ಅಷ್ಟು ಸರಿಯಿರಲಿಲ್ಲ, ಅಷ್ಟೆ. ಪಂಕ್ತಿಯಲ್ಲಿ ಹಾಗೆಂದು ಹೇಳಲು ಸಂಕೋಚವಾಯಿತು.

ಇನ್ಸ್‌ಪೆಕ್ಟರು ತನಿಖೆಗೆ ಬರುವವರಿದ್ದಾರೆ. ಮನೆಯ ಮಾಡು ಬೇರೆ ರಿಪೇರಿಯಾಗಬೇಕು. ಸಂಕ್ರಾಂತಿಯವರೆಗೆ ದಾಕ್ಷಾಯಣಿ ಅಲ್ಲಿಯೇ ಇದ್ದರೆ ಅವಳಿಗೂ ಸುಖ. ಅವಳಿಗೆ ಬೇರೆ ಕಾಗದ ಬರೆಯುತ್ತೇನೆ.

ರುದ್ರಯ್ಯ


ಮಧುಗಿರಿ
೪-೧-೧೯೩೫

ಚಿರಂಜೀವಿ ರುದ್ರಯ್ಯನವರಿಗೆ ಆಶೀರ್ವಾದ.

ಹೊಟ್ಟೆ ಸರಿಯಿಲ್ಲದವರು ತುಪ್ಪ ಬಿಡುತ್ತಾರೆಯೇ? ನಮ್ಮ ಕಡೆ ಹೊಟ್ಟೆ ಸರಿಯಿಲ್ಲದಿದ್ದರೆ ಅನ್ನಕ್ಕೆ ತುಪ್ಪವನ್ನೇ ಹಾಕಿ ಕೊಡುವುದು. ನಿಮ್ಮ ಕಾಗದವನ್ನು ನಿಮ್ಮತ್ತೆಗೆ ಓದಿ ಹೇಳಿದೆ. "ಮರ್ಯಾದಸ್ತರು, ಮನಸ್ನಾಗಿರೋದ ಬಾಯಿಗೆ ತರಲ್ಲ. ನೀವೇ ತಿಳ್ಕಬೇಕು" ಅಂದಳು. ತಿಳಿದುಕೊಂಡಿದ್ದೇನೆ.

ಸೈಕಲ್ಲಿಗೆ ತುಮಕೂರಿಗೆ ಬರೆದಿದ್ದೇನೆ. ಬೇಡವೆಂದು ನೀವು ಬರೆದದ್ದನ್ನು ನಾನು ಓದಲಿಲ್ಲವೆಂದು ಇಟ್ಟುಕೊಳ್ಳಿ. ಸದ್ಯಕ್ಕೆ ಮೋಟಾರಿನವನ ಕೈಲಿ ಒಂದು ಡಬ್ಬ ತುಪ್ಪ ಕಳಿಸಿದ್ದೇನೆ. ಬಡವನಹಳ್ಳಿ ಸಂತೆಯಲ್ಲಿ ನಾನೇ ಮೂಸಿ ಆರಿಸಿದ್ದು. ಇದಕ್ಕೂ ಕೈ ಅಡ್ಡ ಹಿಡಿಯಬೇಡಿ.

ದಾಕ್ಷಾಯಣಿ ಟಪಾಲಿನವನು ಬಂದನೇ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಅವನು ಬರುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ನೀರು ಹಾಕುತ್ತಾಳೆ. ನಮ್ಮ ಬಾಗಿಲು ಈಚೆಗೆ ಬಹಳ ಚೊಕ್ಕಟವಾಗಿದೆ.

ಪರ್ವತಯ್ಯ


ಪಾವಗಡ
೨೧-೧-೧೯೩೫

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಡಬ್ಬ ತಲುಪಿತು. ತಮ್ಮ ಪ್ರೀತಿ ದೊಡ್ಡದು. ಮುಚ್ಚಿಟ್ಟು ಬರೆಯಲಾರೆ, ತುಪ್ಪವನ್ನು ಗುಡಿಯ ದೀಪಕ್ಕೆ ಕೊಟ್ಟುಬಿಟ್ಟೆ. ದಯಮಾಡಿ ಇನ್ನು ಕಳಿಸಬೇಡಿ.

ದಾಕ್ಷಾಯಣಿಯನ್ನು ಕರೆತರಲು ಈಗ ಅನುಕೂಲವಿಲ್ಲ. ಯುಗಾದಿ ಕಳೆಯಲಿ.

ರುದ್ರಯ್ಯ


ಮಧುಗಿರಿ
೯-೩-೧೯೩೫

ರುದ್ರಯ್ಯನವರಿಗೆ.

ಈ ಕಾಗದಕ್ಕೆ ಆಶೀರ್ವಾದ ಬರೆಯಲು ಕೈ ಬರಲಿಲ್ಲ. ಮೊದಲು ವಿಷಯ ಬರೆಯುತ್ತೇನೆ.

ಕಡಲೆಕಾಯಿ ವ್ಯಾಪಾರದ ದೊಡ್ಡರಂಗಪ್ಪ ನಿಮ್ಮೂರ ಸಂತೆಯಿಂದ ಬಂದವನು ನನ್ನ ಮಂಡಿಯಲ್ಲಿ ಕೂತ. ನೀರು ಕುಡಿದ. ಎಲೆ ಅಡಿಕೆ ಹಾಕಿದ. ಆಮೇಲೆ, "ಸ್ವಾಮೀ, ಹೇಳ್ಬಾರ್ದು, ಹೇಳ್ದೆ ಇರಕ್ಕೂ ಆಗ್ದು" ಅಂದ.

"ಹೇಳಪ್ಪ" ಅಂದೆ.

"ನಿಮ್ಮ ಅಳೀಮಯ್ಯೋರು ಸಾಲೆ ಜಗಲಿ ಮ್ಯಾಲೆ ಮುದುರ್ಕಂಡು ಬಿದ್ದಿದ್ರು ಕಣ್ ಸ್ವಾಮಿ, ಹಗಲೊತ್ನಾಗೆ. ಮಂಡಿ ಎದೆಗೆ ಅಮುಕ್ಕಂಡು ಅಂಗೇ ಒಳ್ಳಾಡ್ತಿದ್ರು. ಮಾತಾಡ್ಸುದ್ರೆ ಮಾತಿಲ್ಲ. ಆಳು ನೋಡುದ್ರೆ ಕಡ್ಡಿ ಆಗ್ಬುಟ್ಟವ್ರೆ. ಆ ಕಡೆ ಈಚಲು ಹೆಂಡ ಬಲೇ ಅಗ್ಗ ಸ್ವಾಮಿ, ಹುಡುಗ್ರು ಕೆಟ್ಟೋಯ್ತಾವೆ."

ನನಗೆ ಆಗ ಎಲ್ಲವೂ ಒಂದಕ್ಕೊಂದು ಕೂಡಿ ಬಂತು. ಪಂಕ್ತಿಯಲ್ಲಿ ಬೆವರಿದ್ದು, ಹೆಂಡತಿಯನ್ನು ಕರೆಸಿಕೊಳ್ಳದಿರುವುದು, ದಿನಕ್ಕೊಂದು ನೆಪ. ಕೂಡಿ ಬಂದದ್ದಕ್ಕೆ ಸಂತೋಷಪಡಲೋ, ಮೊತ್ತ ನೋಡಿ ಅಳಲೋ ತಿಳಿಯಲಿಲ್ಲ. ನಮ್ಮದು ಲಿಂಗ ಕಟ್ಟಿದ ಕೊರಳು. ಕುಡುಕನ ಮನೆಗೆ ಮಗಳನ್ನು ಕಳಿಸುವವನು ನಾನಲ್ಲ. ಅವಳಿಗೆ ಇನ್ನೂ ಹೇಳಿಲ್ಲ. ನಿಮ್ಮ ಉತ್ತರ ನೋಡಿ ಹೇಳುತ್ತೇನೆ.

ಪರ್ವತಯ್ಯ


ಪಾವಗಡ
೧೬-೩-೧೯೩೫

ಪೂಜ್ಯ ಮಾವನವರಿಗೆ.

ನಾನು ಕುಡಿಯುವುದಿಲ್ಲ. ಲಿಂಗ ಮುಟ್ಟಿ ಬರೆಯುತ್ತಿದ್ದೇನೆ. ಆದರೆ ಜಗಲಿಯ ಮೇಲೆ ಮುದುರಿ ಬಿದ್ದಿದ್ದವನು ನಾನೇ.

ಕೊರಟಗೆರೆಯಲ್ಲಿ ಓದುವ ಕಾಲಕ್ಕೇ ಶುರುವಾದದ್ದು. ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದು ಬೆನ್ನಿನವರೆಗೆ ಇರಿದುಕೊಂಡು ಹೋಗುತ್ತದೆ. ನೆಟ್ಟಗೆ ಮಲಗಲಾಗದು. ಮುಂದಕ್ಕೆ ಬಾಗಿ ಮೊಣಕಾಲು ಒತ್ತಿಕೊಂಡರೆ ಕೊಂಚ ತಡೆದುಕೊಳ್ಳಬಹುದು. ಹುಡುಗನಾಗಿದ್ದಾಗ ಹೊಟ್ಟೆಗೆ ಬರೆ ಹಾಕಿಸಿದರು. ಗಾಯ ಮಾಯಿತು, ನೋವು ಉಳಿಯಿತು. ಮದುವೆಗೆ ಮುಂಚೆ ವರ್ಷದ ಮೇಲೆ ಕಾಣಿಸಿಕೊಂಡಿರಲಿಲ್ಲ. ಹೋಯಿತೆಂದೇ ನಂಬಿ ಮದುವೆಗೆ ಒಪ್ಪಿದೆ. ದೀಪಾವಳಿಗೆ ತಮ್ಮಲ್ಲಿಗೆ ಹೊರಡುವ ಹೊತ್ತಿಗೆ ಮರಳಿ ಬಂತು.

ಜಿಡ್ಡು ತಿಂದರೆ ಹೆಚ್ಚುತ್ತದೆ. ತಿಂದ ಜಿಡ್ಡು ಮೈಗೆ ಹತ್ತದೆ ಹಾಗೆಯೇ ಎಣ್ಣೆಯಾಗಿ ಹೊರಗೆ ಹೋಗುತ್ತದೆ. ಮಾವನವರಿಗೆ ಇಂಥದ್ದನ್ನು ಬರೆಯಬೇಕಾಯಿತಲ್ಲ ಎಂದು ನಾಚಿಕೆ. ನೆರೆಮನೆಯ ಮುನಿಯಮ್ಮ ಗೋಡೆಯ ಆಚೆಯಿಂದ ತೆಲುಗಿನಲ್ಲಿ "ಅಯ್ಯವಾರು, ಮಳ್ಳಾ ನೊಪ್ಪೇನಾ? ಗಂಜಿ ತೆಮ್ಮಂಟಾರಾ?" ಎಂದು ಕೇಳುತ್ತಾಳೆ. ಮತ್ತೆ ನೋವೇ, ಗಂಜಿ ತರಲೇ ಎಂದು. ನನ್ನ ಸಂಸಾರ ಸದ್ಯಕ್ಕೆ ಆ ಗಂಜಿಯ ಮೇಲೆ ನಡೆದಿದೆ.

ಡಿಸೆಂಬರು ರಜೆಯಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ಒಳಗಿನ ಪಟ ತೆಗೆದರು. ಜಠರದ ಹಿಂದೆ ಅನ್ನ ಅರಗಿಸುವ ಒಂದು ಗ್ರಂಥಿಯಿದೆಯಂತೆ, ಅದರ ತುಂಬ ಕಲ್ಲು. ವಾಸಿಯಾಗುತ್ತದೆಯೇ ಎಂದು ಕೇಳಿದೆ. ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದರು. ಉತ್ತರವೇನೆಂದು ನನಗೆ ಅರ್ಥವಾಯಿತು.

ಒಂದೆರಡು ವರ್ಷ ನನ್ನ ಜೊತೆಯಿದ್ದು, ಉಳಿದ ಆಯುಷ್ಯವೆಲ್ಲ ಬೋಳು ಕೈಯಲ್ಲಿ ತಮ್ಮ ಮನೆಯ ಮೂಲೆಯಲ್ಲಿ ಕೂರುವುದಕ್ಕಿಂತ, ಅವಳು ನನ್ನನ್ನು ಹೆಚ್ಚು ಬಲ್ಲವಳಾಗದೆ ಅಲ್ಲಿಯೇ ಇರುವುದು ಲೇಸು. ಮೊದಲ ನೆಪ ನೋವನ್ನು ಮುಚ್ಚಿಡಲು, ಆಮೇಲಿನ ನೆಪ ಇದಕ್ಕಾಗಿ ಬರೆದೆ. ತಮಗೆ ನಂಬಿಕೆ ಬಾರದಿದ್ದರೆ ವಿಚಾರಿಸಲೆಂದು ಡಾಕ್ಟರ ಚೀಟಿ ಇಟ್ಟಿದ್ದೇನೆ.

ರುದ್ರಯ್ಯ


ಮಧುಗಿರಿ
೨-೫-೧೯೩೫

ಚಿರಂಜೀವಿ ರುದ್ರಯ್ಯನವರಿಗೆ ಆಶೀರ್ವಾದ. ಹೋದ ಕಾಗದದಲ್ಲಿ ಬಿಟ್ಟದ್ದನ್ನೂ ಸೇರಿಸಿ.

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ, ಬರೆಯಲು ನನಗೇ ಏನೂ ಸ್ಪಷ್ಟವಿರಲಿಲ್ಲ. ಈಗಲೂ ಇಲ್ಲ. ಆದರೂ ಬರೆಯುತ್ತೇನೆ.

ನಿಮ್ಮ ಚೀಟಿ ಹಿಡಿದು ಬೆಂಗಳೂರಿಗೆ ಹೋಗಿದ್ದೆ. ನಿಮ್ಮನ್ನು ನಂಬದೆ ಅಲ್ಲ. ಸರಕು ಬೇರೆಯವರು ನೋಡಿ ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. ಡಾಕ್ಟರು ಒಳ್ಳೆಯವರು, ನಿಮ್ಮ ಪಟ ತರಿಸಿ ತೋರಿಸಿದರು. ಬೆನ್ನುಮೂಳೆಯ ಪಕ್ಕ ಬಿಳಿಯ ಚುಕ್ಕೆಗಳು, ಹುಣಿಸೆಬೀಜ ಒಡೆದು ಚೆಲ್ಲಿದ ಹಾಗೆ. ಮನುಷ್ಯನ ಒಳಗೆ ಇಷ್ಟೊಂದು ಇಟ್ಟುಕೊಂಡು ನೀವು ಹುಡುಗರಿಗೆ ಮಗ್ಗಿ ಹೇಳಿಕೊಡುತ್ತೀರಿ.

ನಾನು ಸುತ್ತಿ ಬಳಸಲಿಲ್ಲ. "ಸ್ವಾಮಿ, ಎಷ್ಟು ವರ್ಷ?" ಅಂದೆ.

"ಹಾಗೆ ಹೇಳಲು ಬರುವುದಿಲ್ಲ" ಅಂದರು.

"ಒಂದು ಅಂದಾಜು."

"ಅಂದಾಜು ಹೇಳಿದರೆ ನೀವು ಅದನ್ನೇ ಹಿಡಿದು ಕೂರುತ್ತೀರಿ. ಕೆಲವರಿಗೆ ನೋವು ಬಂದು ಹೋಗಿ ಮಾಡುತ್ತ ತಲೆ ನರೆಯುವವರೆಗೂ ನಡೆಯುತ್ತದೆ. ಕೆಲವರಿಗೆ ವರ್ಷಗಳ ಮೇಲೆ ನೋವು ತಾನಾಗಿಯೇ ನಿಲ್ಲುತ್ತದೆ. ಕೆಲವರು ಸೊರಗುತ್ತಾರೆ. ಕೆಲವರಿಗೆ ಮುಂದೆ ಸಿಹಿಮೂತ್ರ ಬರುತ್ತದೆ. ಕೆಲವರಿಗೆ ಇನ್ನೂ ಕೆಟ್ಟದ್ದು."

ಕೆಲವರಿಗೆ, ಕೆಲವರಿಗೆ. ಆ ಕೆಲವರಲ್ಲಿ ನಮ್ಮವರು ಯಾರು ಎಂದು ಕೇಳಿದೆ. ಅವರು ನನ್ನ ಕಸುಬೇನೆಂದು ಕೇಳಿದರು. ಹೇಳಿದೆ. "ನಿಮ್ಮ ಹುಣಿಸೆಹಣ್ಣು ಎಷ್ಟು ವರ್ಷ ಕೆಡದೆ ಇರುತ್ತದೆ?" ಅಂದರು.

"ಬೀಜ ತೆಗೆದು, ಉಪ್ಪು ಹಾಕಿ, ಒಣ ಮಡಕೆಯಲ್ಲಿಟ್ಟರೆ ಬಹಳ ಕಾಲ ಇರುತ್ತದೆ" ಅಂದೆ.

"ಬಹಳ ಕಾಲ ಅಂದರೆ ಎಷ್ಟು? ರುಜು ಹಾಕಿ ಕೊಡುತ್ತೀರಾ?"

ಜೀವಮಾನದಲ್ಲಿ ನನ್ನ ತಕ್ಕಡಿಯಲ್ಲೇ ನನ್ನನ್ನು ತೂಗಿದವರು ಅವರೊಬ್ಬರು. ಜಿಡ್ಡು ಬೇಡ, ಹೆಂಡ ಹೊಗೆಸೊಪ್ಪು ಬೇಡ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಊಟ, ಇಷ್ಟು ಹೇಳಿ ಕಳಿಸಿದರು.

ಬರುವಾಗ ಮೋಟಾರಿನಲ್ಲಿ ಕೂತು ಯೋಚಿಸಿದೆ. ಸಾಯುತ್ತಾರೆ ಎಂದಿದ್ದರೆ ಒಂದು ದಾರಿ. ಬದುಕುತ್ತಾರೆ ಎಂದಿದ್ದರೆ ಇನ್ನೊಂದು. ಎರಡನ್ನೂ ಹೇಳಿದರೆ ಮಗಳನ್ನು ಯಾವ ಮೋಟಾರು ಹತ್ತಿಸಲಿ? ಮನೆಗೆ ಬಂದರೆ ಅವಳು ಚೊಂಬು ಹಿಡಿದು ನಿಂತಿದ್ದಳು. "ಏನಂದ್ರಪ್ಪ?" ಅಂದಳು. "ಅಜೀರ್ಣ ಕಣಮ್ಮ" ಅಂದೆ. ಅವಳು ನನ್ನ ಕಾಲಿಗೆ ನೀರು ಕೊಟ್ಟು ಒಳಗೆ ಹೋದಳು. ನಂಬಿದಳೋ ಬಿಟ್ಟಳೋ.

ಸದ್ಯಕ್ಕೆ ಇಲ್ಲೇ ಇರಲಿ. ಇದು ತೀರ್ಮಾನವಲ್ಲ. ತೀರ್ಮಾನ ಮಾಡಲಾಗದವನು ಮಾಡುವ ಕೆಲಸ. ಕುಡುಕನೆಂದು ಬರೆದದ್ದನ್ನು ಹೊಡೆದುಹಾಕಿಕೊಳ್ಳಿ.

ಪರ್ವತಯ್ಯ


ಪಾವಗಡ
೧೧-೧೦-೧೯೩೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ವರ್ಷದ ಮೇಲಾಯಿತು, ಒಬ್ಬರಿಗೊಬ್ಬರು ಹಬ್ಬಗಳಿಗೆ ಕಾರ್ಡು ಬರೆದದ್ದು ಬಿಟ್ಟರೆ ಬೇರೆ ಬರೆದಿಲ್ಲ. ಇಂದು ಬರೆಯುವಂಥದ್ದಿದೆ.

ನೋವು ನಿಂತಿದೆ. ಬೇಸಿಗೆಯಲ್ಲಿ ಒಮ್ಮೆ ಸಣ್ಣಗೆ ಬಂದದ್ದು, ಆಮೇಲೆ ಬರಲೇ ಇಲ್ಲ. ಮೊದಮೊದಲು ನಂಬಲಿಲ್ಲ. ದಿನವೂ ಊಟವಾದ ಮೇಲೆ ಗೋಡೆಗೆ ಒರಗಿ ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಕೋಟೆ ಬೆಟ್ಟವನ್ನು ಅರ್ಧದವರೆಗೆ ಹತ್ತಿ ನೋಡಿದೆ, ಏನೂ ಆಗಲಿಲ್ಲ. ಈಗ ಬೆನ್ನು ನೆಟ್ಟಗೆ ಮಾಡಿ ಮಲಗುತ್ತೇನೆ. ಮಾಡಿನ ಹಂಚು ನೋಡುತ್ತ ಮಲಗುವುದು ಎಂಥ ಸುಖವೆಂದು ಬೇರೆಯವರಿಗೆ ಹೇಳಿದರೆ ನಗುತ್ತಾರೆ.

ಡಾಕ್ಟರು ತಮಗೆ ಹೇಳಿದ "ಕೆಲವರಲ್ಲಿ" ನಾನೂ ಒಬ್ಬನೆಂದು ಕಾಣುತ್ತದೆ. ತಾವು ಒಪ್ಪಿದರೆ ದೀಪಾವಳಿಗೆ ಬಂದು ದಾಕ್ಷಾಯಣಿಯನ್ನು ಕರೆತರುತ್ತೇನೆ. ಅವಳು ಒಪ್ಪಿದರೆ.

ರುದ್ರಯ್ಯ


ಮಧುಗಿರಿ
೧೯-೧೦-೧೯೩೬

ಚಿರಂಜೀವಿ ಅಳಿಯಂದಿರಿಗೆ ತುಂಬು ಆಶೀರ್ವಾದ.

ನಿಮ್ಮ ಕಾಗದವನ್ನು ಮಂಡಿಯಲ್ಲಿ ಓದಿದೆ, ಅಂಗಡಿ ಮುಚ್ಚಿ ಮನೆಗೆ ಹೋಗಿ ಇನ್ನೊಂದು ಸಲ ಓದಿದೆ. ನಾನು ಆ ಡಾಕ್ಟರ ಮಾತನ್ನು ಮರೆತಿಲ್ಲ. ನೋವು ತಾನಾಗಿಯೇ ನಿಲ್ಲುತ್ತದೆ ಅಂದಿದ್ದರು, ನಿಂತಿದೆ. ಆ ಬಾಬತ್ತು ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಡಾಕ್ಟರುಗಳು ತಮ್ಮ ಜಾಗ್ರತೆಗೆ ಸೇರಿಸುವ ಮಾತು. ನಾನೂ ಸರಕು ಕೊಡುವಾಗ "ಮಳೆ ಬಿದ್ದರೆ ನಾನು ಜವಾಬ್ದಾರನಲ್ಲ" ಅನ್ನುತ್ತೇನೆ.

ದಾಕ್ಷಾಯಣಿಯನ್ನು ಕೇಳಿದೆ. "ಒಪ್ತೀಯೇನಮ್ಮ" ಅಂದೆ. "ಎರಡು ವರ್ಷದಿಂದ ನನ್ನ ಯಾರ್ ಕೇಳಿದ್ರು, ಈಗ ಕೇಳಕ್ಕೆ" ಅಂದಳು. ಒಪ್ಪಿದಳೆಂದು ನಾನು ತಿಳಿದಿದ್ದೇನೆ. ಸೀರೆಗಳನ್ನು ಬಿಸಿಲಿಗೆ ಹಾಕಿದ್ದಾಳೆ.

ಬನ್ನಿ. ಹೋಳಿಗೆಗೆ ತುಪ್ಪ ನಾನೇ ಬಡಿಸುತ್ತೇನೆ. ಚನ್ನಮಲ್ಲಯ್ಯನನ್ನು ಎದುರಿಗೆ ಕೂರಿಸುತ್ತೇನೆ.

ಪರ್ವತಯ್ಯ


ಮಧುಗಿರಿ
೭-೬-೧೯೩೮

ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದ.

ದಾಕ್ಷಾಯಣಿ ಎಲ್ಲ ಚೆನ್ನಾಗಿದೆ ಎಂದು ಬರೆಯುತ್ತಾಳೆ. ನೀವೂ ಹಾಗೆಯೇ ಬರೆಯುತ್ತೀರಿ. ಇಬ್ಬರ ಕಾಗದಗಳೂ ಒಂದೇ ಅಚ್ಚಿನಿಂದ ತೆಗೆದ ಹಾಗಿವೆ. ಅದಕ್ಕೇ ನನಗೆ ಅನುಮಾನ.

ದೊಡ್ಡರಂಗಪ್ಪ ಮತ್ತೆ ಬಂದಿದ್ದ. ಹೋದ ಸಲ ಹೆಂಡದ ಮಾತಿಗೆ ನನ್ನಿಂದ ಬೈಸಿಕೊಂಡಿದ್ದಕ್ಕೆ ಈ ಸಲ ಬಾಯಿಬಿಡಲು ಹೆದರಿದ. ನಾನೇ ಗದರಿಸಿದೆ. "ಅಯ್ಯೋರು ಚೆಂದಾಗೇ ಓಡಾಡ್ತವ್ರೆ ಸ್ವಾಮಿ, ಎಲ್ಡಾಳಿನ ಊಟ ಉಣ್ತಾರಂತೆ. ಅಂಗೇ ಮೈ ಮ್ಯಾಲೆ ಮಾತ್ರ ಮಾಂಸಿಲ್ಲ. ಕೋಟು ಗೂಟಕ್ಕೆ ಹಾಕ್ದಂಗೆ ಕಾಣ್ತಾರೆ" ಅಂದ.

ನೋವಿಲ್ಲ, ಹಸಿವಿದೆ, ಊಟವಿದೆ. ಹಾಗಿದ್ದ ಮೇಲೆ ಮೈ ಎಲ್ಲಿಗೆ ಹೋಗುತ್ತಿದೆ? ನನ್ನ ಮಗಳಿಗೆ ಅಡುಗೆ ಬರುವುದಿಲ್ಲವೇ? ಇಲ್ಲ, ನೀವಿಬ್ಬರೂ ಸೇರಿ ನನ್ನಿಂದ ಏನನ್ನಾದರೂ ಮುಚ್ಚಿಡುತ್ತಿದ್ದೀರಾ? ಅಡುಗೆಯ ದೋಷವಾದರೆ ನಿಮ್ಮತ್ತೆಯನ್ನು ಕಳಿಸುತ್ತೇನೆ.

ಪರ್ವತಯ್ಯ


ಬೆಂಗಳೂರು
೨೭-೬-೧೯೩೮

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ಕಣ್ಣು ಮಂಜಾಗಿದೆ.

ಅಡುಗೆಯ ದೋಷವಲ್ಲ. ದಾಕ್ಷಾಯಣಿ ಬಡಿಸಿದ್ದನ್ನೆಲ್ಲ ತಿಂದೆ, ಕೊಡ ಕೊಡ ನೀರು ಕುಡಿದೆ, ಆದರೂ ಬಾಯಾರಿಕೆ ಹೋಗಲಿಲ್ಲ. ಪಾವಗಡದ ಬಿಸಿಲೆಂದುಕೊಂಡೆವು. ಬಚ್ಚಲಲ್ಲಿ ಇರುವೆ ಸಾಲುಗಟ್ಟಿದ್ದನ್ನು ಅವಳೇ ಮೊದಲು ಕಂಡದ್ದು. ಆಗಲೂ ನಾನು ಬೆಲ್ಲ ಚೆಲ್ಲಿರಬೇಕೆಂದೆ. ಕ್ಲಾಸಿನಲ್ಲಿ ಬಿದ್ದ ಮೇಲೆ ಇಲ್ಲಿಗೆ ತಂದರು.

ಅದೇ ಡಾಕ್ಟರು. ನನಗೆ ಅರ್ಥವಾಗದೆ ಕೇಳಿದೆ: ನೋವು ನಿಂತು ವಾಸಿಯಾಗಿದ್ದೆನಲ್ಲ, ಈ ಸಿಹಿಮೂತ್ರ ಎಲ್ಲಿಂದ ಬಂತು? ಅವರು ಮಂಚದ ಅಂಚಿಗೆ ಕೂತು ಹೇಳಿದರು. "ಒಂದು ಮನೆಯಲ್ಲಿ ದಿನಾ ಜಗಳ ಕೇಳಿಸುತ್ತಿತ್ತು. ಈಗ ಕೇಳಿಸುವುದಿಲ್ಲ. ರಾಜಿಯಾಗಿರಬಹುದು. ಮನೆ ಖಾಲಿಯಾಗಿರಲೂಬಹುದು. ನಿಮ್ಮ ಗ್ರಂಥಿ ಖಾಲಿಯಾಗಿದೆ ಮೇಷ್ಟ್ರೇ." ನೋಯುವಷ್ಟು ದಿನ ಅದರಲ್ಲಿ ಜೀವವಿತ್ತಂತೆ. ನಾವು ಹೋಳಿಗೆ ಮಾಡಿ ಹಬ್ಬ ಮಾಡಿದೆವು. ಯಾವುದಕ್ಕೆ ಮಾಡಿದೆವೋ ಈಗ ತಿಳಿಯುತ್ತಿಲ್ಲ.

ಇನ್ನು ದಿನವೂ ಊಟಕ್ಕೆ ಮುಂಚೆ ಸೂಜಿಮದ್ದು ಹಾಕಿಸಿಕೊಳ್ಳಬೇಕು, ಇರುವವರೆಗೂ. ಸಿರಿಂಜಿನ ಗೆರೆ ನನಗೆ ಕಾಣುವುದಿಲ್ಲ. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಪಾವಗಡದ ಕಂಪೌಂಡರು ಊರೂರು ಸುತ್ತುವವರು, ಹೊತ್ತಿಗೆ ಸಿಗುವುದಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಲ್ಲಿಯೇ ಆಸ್ಪತ್ರೆಯ ಹತ್ತಿರ ಎಲ್ಲಾದರೂ ಇರುವುದೆಂದು ಯೋಚಿಸಿದ್ದೇನೆ. ಮುಂದೆ ಹೇಗೆ ಎಂದು ಡಾಕ್ಟರನ್ನು ಕೇಳಿದರೆ, ಅವರು ಇನ್ನೂ ಕೆಲವರು ಕೆಲವರು ಎಂದೇ ಅನ್ನುತ್ತಾರೆ.

ತಮ್ಮಲ್ಲಿ ಬೇಡಿಕೆ ಒಂದೇ. ನಾನು ಊರಿಗೆ ಮರಳುವ ಮೊದಲೇ ದಾಕ್ಷಾಯಣಿಯನ್ನು ಮಧುಗಿರಿಗೆ ಕರೆದುಕೊಂಡು ಹೋಗಿಬಿಡಿ. ಮುಖ ನೋಡಿದರೆ ನನಗೆ ಕಳಿಸಲಾಗುವುದಿಲ್ಲ. ಅವಳಿಗೂ ಸೂಜಿಯ ವಿಷಯವನ್ನೆಲ್ಲ ಬರೆದು, ತಂದೆಯ ಜೊತೆ ಹೊರಡೆಂದು ತಿಳಿಸಿದ್ದೇನೆ.

ರುದ್ರಯ್ಯ


ಮಧುಗಿರಿ
೫-೭-೧೯೩೮

ಬೆಂಗಳೂರಿನ ಆಸ್ಪತ್ರೆಯಲ್ಲಿರುವ ಅಳಿಯಂದಿರು ಚಿರಂಜೀವಿ ರುದ್ರಯ್ಯನವರಿಗೆ ಆಶೀರ್ವಾದ. ಇದನ್ನು ಪಕ್ಕದ ಮಂಚದವರಿಂದಲಾದರೂ ಓದಿಸಿಕೊಳ್ಳಿ.

ನಿಮ್ಮ ಮಾತಿನಂತೆ ಪಾವಗಡಕ್ಕೆ ಹೋಗಿದ್ದೆ. ನಿಮ್ಮ ಮಾತಿನಂತೆ ಎಂದು ಬರೆಯುವುದೂ ಪೂರ್ತಿ ಸರಿಯಲ್ಲ. ನಿಮ್ಮ ಕಾಗದ ಬರುವ ಮೊದಲೇ ನನ್ನ ಮನಸ್ಸಿನಲ್ಲಿ ಅದೇ ಇತ್ತು. ಅವಳ ಸೀರೆಗಳಿಗೆಂದು ದೊಡ್ಡ ಟ್ರಂಕೊಂದನ್ನು ಮೋಟಾರಿನ ಮೇಲೆ ಹಾಕಿಸಿಕೊಂಡು ಹೋದೆ.

ಬಾಗಿಲು ತೆರೆದೇ ಇತ್ತು. ದಾಕ್ಷಾಯಣಿ ನಡುಮನೆಯಲ್ಲಿ ಕೂತಿದ್ದಳು. ಮುಂದೆ ಒಂದು ಮೊರದ ತುಂಬ ಬದನೆಕಾಯಿ. ಅಡುಗೆಗೆ ಹೆಚ್ಚುತ್ತಿದ್ದಾಳೆಂದುಕೊಂಡೆ. ನೋಡಿದರೆ ಕೈಯಲ್ಲಿ ಗಾಜಿನ ಸಿರಿಂಜು. ನೀರು ಎಳೆದು, ಬೆಳಕಿಗೆ ಹಿಡಿದು, ಬದನೆಕಾಯಿಗೆ ಚುಚ್ಚುತ್ತಿದ್ದಾಳೆ. ಒಂದಾದ ಮೇಲೆ ಒಂದು. ಚುಚ್ಚಿಸಿಕೊಂಡವು ಪಕ್ಕದಲ್ಲಿ ಸಾಲಾಗಿ ಮಲಗಿವೆ.

"ಏನೇ ಇದು?" ಅಂದೆ.

"ಕಂಪೌಂಡರ್ ಶಂಕರಲಿಂಗಪ್ಪೋರು ಹೇಳ್ಕೊಟ್ರು. ಗೆರೆ ನೋಡಿ ಎಳೀಬೇಕು, ಗಾಳಿ ಬಿಡಬೇಕು, ಆಮೇಲೆ ಚರ್ಮ ಎತ್ತಿ ಹಿಡಿದು ಹಾಕ್ಬೇಕು. ಸೂಜಿ ಅವರದ್ದೇ, ಹಳೇದು."

"ಟ್ರಂಕು ತಂದಿದೀನಿ. ಸೀರೆ ತುಂಬ್ಕೊ. ಮಧ್ಯಾಹ್ನದ ಮೋಟಾರಿಗೆ ಹೊರಡಾಣ."

"ಊಟ ಮಾಡ್ಕಂಡು ಹೋಗಪ್ಪ. ಸಾಯಂಕಾಲಕ್ಕೂ ಒಂದು ಮೋಟಾರೈತೆ" ಅಂದಳು. ಹೊರಡೋಣ ಎಂಬ ನನ್ನ ಮಾತಿಗೆ ಹೋಗು ಎಂಬ ಉತ್ತರ ಬಂದದ್ದು ನನಗೆ ತಡವಾಗಿ ತಿಳಿಯಿತು.

ನಾನು ಪಕ್ಕದಲ್ಲಿ ಕೂತು ಬುದ್ಧಿ ಹೇಳಿದೆ. ನನ್ನ ಬುದ್ಧಿಮಾತಿಗೆ ಮಧುಗಿರಿಯಲ್ಲಿ ಬೆಲೆಯಿದೆ. ಇದು ಇವತ್ತು ನಾಳೆಗೆ ಮುಗಿಯುವ ಕೆಲಸವಲ್ಲ, ಬೆಳಿಗ್ಗೆ ಸಂಜೆ ಸೂಜಿ, ತೂಗಿ ಅಳೆದು ಊಟ, ನಡುವೆ ಎಲ್ಲಾದರೂ ಮೈ ತಣ್ಣಗಾಗಿ ಬಿದ್ದರೆ ಓಡಿ ಸಕ್ಕರೆ ನೀರು. "ಇಷ್ಟೆಲ್ಲ ಮಾಡಿದರೂ ಎಷ್ಟು ವರ್ಷ ಇರ್ತಾರೋ ಡಾಕ್ಟ್ರಿಗೇ ಗೊತ್ತಿಲ್ಲ ಕಣಮ್ಮ" ಅಂದೆ.

ಅವಳು ಇನ್ನೊಂದು ಬದನೆಕಾಯಿ ತೆಗೆದುಕೊಂಡಳು. "ಗೊತ್ತಿಲ್ಲ ಅಂದ್ರೆ ಕಮ್ಮಿ ಅಂತ ಯಾಕಪ್ಪ ಬರ್ಕೋತೀಯ?" ಅಂದಳು.

ಅಳಿಯಂದಿರೇ, ಗೊತ್ತಿಲ್ಲದ್ದನ್ನು ನಷ್ಟದ ಕಡೆಗೆ ಬರೆದುಕೊಳ್ಳುವುದು ನನ್ನ ಪದ್ಧತಿ. ಆ ಪದ್ಧತಿಯಿಂದಲೇ ಮೂಟೆ ಇಳಿಸಿ ಮಂಡಿಯಲ್ಲಿ ಕೂತವನು ನಾನು. ಅದು ತಪ್ಪೆಂದು ಈಗಲೂ ಹೇಳಲಾರೆ. ಸರಿಯೆಂದು ಅವಳಿಗೆ ಹೇಳಲೂ ಬಾಯಿ ಬರಲಿಲ್ಲ.

"ನೀನು ನನಗೆ ಬರೀ ಅಜೀರ್ಣ ಅಂತ ಹೇಳ್ದೆ. ಅವರು ಇನ್ಸ್‌ಪೆಕ್ಟ್ರು ಬರ್ತಾರೆ ಅಂತ ಬರೆದ್ರು. ನನಗೆ ಸಿಟ್ಟು ಬಂದಿರೋದು ಕಾಯಿಲೆ ಮೇಲಲ್ಲ" ಅಂದಳು. ಯಾರ ಮೇಲೆ ಎಂದು ನಾನು ಕೇಳಲಿಲ್ಲ. ನೀವೂ ಬಂದ ಮೇಲೆ ಕೇಳಬೇಡಿ. ಅವಳಾಗಿಯೇ ಹೇಳುತ್ತಾಳೆ.

ಊಟವಾಯಿತು. ಬದನೆಕಾಯಿ ಎಣ್ಣೆಗಾಯಿ. ಚುಚ್ಚಿಸಿಕೊಂಡ ಅಷ್ಟು ಕಾಯಿ ಇನ್ನೇನಾಗಬೇಕು? ತಿಂದೆ. ಮುನಿಯಮ್ಮನ ಮನೆಗೂ ಒಂದು ಬಟ್ಟಲು ಹೋಯಿತು. ಹಿತ್ತಲಲ್ಲಿ ಬಾವಿಯ ಪಕ್ಕ ಒದ್ದೆ ಮರಳು ತುಂಬಿದ ಮಡಕೆ ಹೂಳಿಟ್ಟಿದ್ದಾಳೆ, ಮದ್ದಿನ ಸೀಸೆ ತಣ್ಣಗಿರಲೆಂದು. ಸೀಸೆ ಇನ್ನೂ ಬಂದಿಲ್ಲ. ಮಡಕೆಗೆ ಮಾತ್ರ ದಿನವೂ ನೀರು ಹಾಕುತ್ತಾಳೆ.

ನಾನು ಎದ್ದು ಟವೆಲು ಕೊಡವಿದೆ. ಅವಳು ಸೂಜಿಯನ್ನು ಕುದಿಯುವ ನೀರಿನಿಂದ ತೆಗೆಯುತ್ತ, "ಬದನೆಕಾಯಿ ಅಲ್ಲಾಡಲ್ಲ ಕಣಪ್ಪ, ಅಯ್ಯೋ ಅನ್ನಲ್ಲ. ಮನುಷ್ಯರ ಕೈ ಹೆಂಗಿರ್ತದೋ. ಮೊದಲನೇದು ಅವರಿಗೇ ಹಾಕಕ್ಕೆ ನನಗೆ ಭಯ" ಅಂದಳು. ಅಂದು ನನ್ನ ಅಂಗಿಯ ತೋಳಿನ ಕಡೆ ನೋಡಿದಳು.

ನನಗೆ ಸೂಜಿಯೆಂದರೆ ಆಗದು. ಪ್ಲೇಗಿನ ಕಾಲದಲ್ಲಿ ಊರಿಗೆ ಸೂಜಿಯವರು ಬಂದಾಗ ನಾನು ಬೆಟ್ಟದ ಹಿಂದೆ ಅವಿತಿದ್ದವನು. ನಿಮ್ಮತ್ತೆಗೂ ಗೊತ್ತಿಲ್ಲ. ಮೋಟಾರಿನ ಹಾರನ್ನು ಕೇಳಿಸಿತು. ಹೋಗಿಬಿಡಬಹುದಿತ್ತು. ಕೂತೆ. ತೋಳು ಮಡಿಸಿದೆ.

ಅವಳು ಸೂಜಿ ಹತ್ತಿರ ತಂದು ಹಿಂದಕ್ಕೆಳೆದಳು. "ಹಾಕು" ಅಂದೆ. "ನೋಯ್ತದಪ್ಪ" ಅಂದಳು. "ನಿಮ್ಮಪ್ಪ ಮೂಟೆ ಹೊತ್ತವನು, ಹಾಕು" ಅಂದೆ. ಕುದಿಸಿ ಆರಿಸಿದ ಬರೀ ನೀರು. ಮೊದಲನೆಯದು ಸೊಟ್ಟಗೆ ಹೋಯಿತು. ಇನ್ನೊಂದು ತೋಳು ಕೊಟ್ಟೆ. ಅದು ನೆಟ್ಟಗೆ ಹೋಯಿತು. ಅವಳು ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮೋಟಾರು ತಪ್ಪಿತು. ಸಂಜೆಯದಕ್ಕೆ ಖಾಲಿ ಟ್ರಂಕಿನೊಡನೆ ಬಂದೆ. ನೀವು ಗುಣವಾಗಿದ್ದೀರೋ, ಇನ್ನೂ ಕಾಯಿಲೆಯವರೋ, ನೋವಿದ್ದಾಗ ಒಳ್ಳೆಯದಿತ್ತೋ, ಹೋದದ್ದು ಒಳ್ಳೆಯದಾಯಿತೋ, ನನಗೆ ಒಂದೂ ಹೊಂದುತ್ತಿಲ್ಲ. ಹೊಂದದಿದ್ದರೂ ಇರಲಿ. ರಾಜೀನಾಮೆ ಬರೆಯಬೇಡಿ. ಆಸ್ಪತ್ರೆಯಿಂದ ಬಿಟ್ಟ ದಿನವೇ ಮದ್ದಿನ ಸೀಸೆ ತೆಗೆದುಕೊಂಡು ನೆಟ್ಟಗೆ ಪಾವಗಡಕ್ಕೆ ಹೊರಡಿ.

ಇನ್ನೊಂದು ಮಾತು, ನಿಮಗೆ ಮಾತ್ರ. ಏನೂ ನೋಯಲಿಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ ಎಂದು ಅವಳಿಗೆ ಹೇಳಿ ಬಂದಿದ್ದೇನೆ. ನೋಯುತ್ತದೆ. ಅವಳೆದುರಿಗೆ ಮುಖ ಕಿವುಚಬೇಡಿ.

ಪರ್ವತಯ್ಯ